ಕಪ್ಪು ಬೇರು, ಬಿಳಿ ಬೇರು

ಪಚಕ್! ಭತ್ತದ ಬುಡವನ್ನು ಕೆಸರಿನಿಂದ ಕಿತ್ತಾಗ ಬರುವ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಅದನ್ನು ಕೇಳಲೆಂದೇ ಪ್ರತಿ ಸೋಮವಾರ ವಿದ್ಯಾನಗರದಿಂದ ಹೊರಟು, ಹರಿಹರದಲ್ಲಿ ಬಸ್ಸು ಬದಲಿಸಿ, ಯಜಮಾನರ ಊರಾದ ಭಾನುವಳ್ಳಿಗೆ ಓಡುತ್ತಿದ್ದೆ. ಗೆಳತಿಯರು ಮಧ್ಯಾಹ್ನದ ಟೀಗೆ ಕರೆದರೆ, "ಸಾರಿ, ಮಂಡೇ ನಾನು ಬಿಜಿ" ಎನ್ನುವುದರಲ್ಲಿ ಎಂಥ ಖುಷಿ!

ನಮ್ಮ ಕಡೆ ಸೋಮವಾರ ಎತ್ತುಗಳಿಗೆ ನೊಗ ಹೂಡುವುದಿಲ್ಲ. ಆ ಬಿಡುವಿನಲ್ಲಿ ಊರಿನ ಕೆಲವು ರೈತರು ವಾರಕ್ಕೊಬ್ಬರ ಗದ್ದೆಗೆ ಹೋಗಿ, ಬೆಳೆ ಮಣ್ಣು ನೋಡಿ ಸಲಹೆ ಕೊಡುವ ರೂಢಿ ಮಾಡಿಕೊಂಡಿದ್ದರು. ಅದಕ್ಕೊಂದು ರೂಲು: ಎಲ್ಲರ ಮಾತು ಮುಗಿಯುವವರೆಗೆ ಗದ್ದೆಯ ಒಡೆಯರು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳ "ಸೈಲೆನ್ಸ್!" ಕೇಳಿ ಬೆಳೆದವಳು ನಾನು, ಇದೇನು ಮಹಾ ಎಂದುಕೊಂಡಿದ್ದೆ.

ಯಜಮಾನರು ಹೋದ ಮೇಲೆ ಗದ್ದೆ ನನ್ನ ಪಾಲಿಗೆ ಬಂದಿತ್ತು. ಅದರ ಮೇಲ್ಮಣ್ಣನ್ನು ಇಟ್ಟಿಗೆ ಭಟ್ಟಿಯವನಿಗೆ ಮಾರೋಣವೆಂದು ಮೈದುನನ ಹಟ. ಮೇಲ್ಮಣ್ಣು ಹೋದ ಮೇಲೆ ಗದ್ದೆ ಎನ್ನಲು ಉಳಿಯುವುದೇನು? "ಈ ಒಂದು ಬೆಳೆ ನೋಡೋಣ. ಇದು ಕೈಕೊಟ್ಟರೆ ನಿನ್ನ ಮಾತೇ ಫೈನಲ್" ಎಂದುಬಿಟ್ಟಿದ್ದೆ. ನಾಟಿಯಾಗಿ ತಿಂಗಳಾಗುವಷ್ಟರಲ್ಲಿ ಪೈರು ಹಳದಿಗೆ ತಿರುಗಿತು. ಯೂರಿಯಾ ಹಾಕಿಸಿದೆ. ಹಳದಿ ಹಾಗೇ ಇತ್ತು.

ಆ ಸೋಮವಾರ ನನ್ನ ಗದ್ದೆಯ ಸರದಿ. ಗುಂಪನ್ನು ನಡೆಸುತ್ತಿದ್ದ ರೈತ ಹೆಂಗಸು ವಯಸ್ಸಿನಲ್ಲಿ ನನಗಿಂತ ಚಿಕ್ಕವಳಾದರೂ ಎಲ್ಲರಿಗೂ ಅಕ್ಕ. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಒಂದು ಬುಡ ಕಿತ್ತಳು. ಪಚಕ್! ಬೇರುಗಳೆಲ್ಲ ಕಪ್ಪು. ಮುದುಕರೊಬ್ಬರು ಮೂಸಿ ಮುಖ ಕಿವುಚಿದರು.

"ಕೊಳೆತ ತತ್ತಿ ವಾಸ್ನಿ!"

"ತತ್ತಿ ವಾಸ್ನಿ ನಿನಗೆಂಗೆ ಗೊತ್ತು, ಮಾವ? ಕೊಳ್ಳಾಗ ಲಿಂಗ ಐತಲ್ಲ!" ಎಂದಳು ಅಕ್ಕ. ಬದುವಿನ ಮೇಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. "ನೀರು ನಿಂತು ನಿಂತು ಬೇರಿಗೆ ಉಸಿರು ಕಟ್ಟೈತೆ. ಬದು ಕಡಿದು ನೀರು ಹೊರಗೆ ಬಿಡ್ಬೇಕು. ನೆಲ ಸಣ್ಣಗೆ ಬಿರಿಯೋ ತನಕ ಮತ್ತೆ ಕಟ್ಟಬ್ಯಾಡ್ರಿ."

"ಕಾಲುವೆ ತುದಿಯೋರು ನಾವು. ಬಂದ ನೀರು ಚೆಲ್ಲಾದಾ? ಮುಂದಿನ ಸರದಿ ಬರದಿದ್ರೆ?" ಎಂದರು ಮುದುಕರು.

ಅವರ ಭಯ ನನ್ನದೂ ಆಗಿತ್ತು. ಮತ್ತೆ ಸಿಗುತ್ತದೋ ಇಲ್ಲವೋ ಎಂದು ನಾವು ತುದಿಯವರು ನೀರು ಬಂದಾಗಲೆಲ್ಲ ಗದ್ದೆಯನ್ನು ಕೆರೆ ಮಾಡಿಡುತ್ತಿದ್ದೆವು. ತಡೆಯಲಾಗಲಿಲ್ಲ.

"ಬಟ್ ಅಕ್ಕಾ, ಪೈರು ಒಣಗಿಬಿಟ್ಟರೆ?"

"ಮಂಡಕ್ಕಿ! ಮಂಡಕ್ಕಿ!" ಎಂದು ಎಲ್ಲರೂ ಕೂಗಿದರು.

"ಮಂಡಕ್ಕಿ ಆಮ್ಯಾಲೆ. ಬರ್ರಿ, ಮೇಡಮ್ಮಾರೆ" ಎಂದು ಅಕ್ಕ ಪಕ್ಕದ ತನ್ನ ಗದ್ದೆಗೆ ಎಳೆದೊಯ್ದಳು. "ಹೋದ್ವರ್ಷ ನಂದೂ ಹಿಂಗೇ ಆಗಿತ್ತು. ಈಗ ನೋಡ್ರಿ." ಅವಳು ಕಿತ್ತ ಬುಡದಲ್ಲಿ ಬೇರು ಬೆಳ್ಳಗಿತ್ತು. ವಾಪಸು ಬಂದವಳೇ ಸಲಿಕೆ ಹಿಡಿದು ನಾನೇ ಬದು ಕಡಿದೆ. ನೀರು ಬುಳುಬುಳು ಹರಿಯತೊಡಗಿದಾಗ ಮೈದುನ ಓಡಿ ಬಂದ.

"ಅತ್ತಿಗೆ, ತಲೆ ಗಿಲೆ ಕೆಟ್ಟೈತಾ? ಭಟ್ಟಿಯೋನಿಗೆ ನಾಳೆನೇ ಬಾ ಅಂತೀನಿ!"

ಬೆಳೆ ಮುಗಿಯುವವರೆಗೆ ಕಾಯುವ ಮಾತು ನೆನಪಿಸಿ ಅವನನ್ನು ತಡೆದೆ. ನೆಲ ಒಣಗಿ ಸಣ್ಣ ಬಿರುಕು ಬಿಟ್ಟಿತು. ಪುಣ್ಯಕ್ಕೆ ಕಾಲುವೆಯ ಸರದಿ ತಪ್ಪಲಿಲ್ಲ. ಈ ಸಲ ನೆಲ ನೆನೆಯುವಷ್ಟೇ ನೀರು ಬಿಟ್ಟು, ಅದು ಇಂಗಿದ ಮೇಲೆ ಮತ್ತೆ ಬಿಟ್ಟೆವು. ಮುಂದೊಂದು ಸೋಮವಾರ ನಾನೇ ಒಂದು ಬುಡ ಕಿತ್ತೆ. ಕಪ್ಪು ಬೇರಿನ ನಡುವೆ ಹಸಿ ಶಾವಿಗೆಯಂಥ ಹೊಸ ಬೇರುಗಳು!

"ವೈಟ್! ಇಟ್ಸ್ ವೈಟ್!" ಎಂದು ಗದ್ದೆಯ ನಡುವೆ ಕುಣಿದಾಡಿದೆ. ಕೆಸರು ಕನ್ನಡಕಕ್ಕೂ ಹಾರಿತು. ಮೈದುನ ಬುಡವನ್ನು ನನ್ನ ಕೈಯಿಂದ ಕಿತ್ತುಕೊಂಡು ಮೂಸಿದ, ಇನ್ನೊಮ್ಮೆ ಮೂಸಿದ. ಸಲಿಕೆ ಹೆಗಲಿಗೇರಿಸಿ ತನ್ನ ಗದ್ದೆಯ ಬದು ಕಡಿಯಲು ಹೊರಟ. ಬೆಳೆ ಕೈಕೊಡಲಿಲ್ಲ. ಸುಗ್ಗಿಯಾದ ಮೇಲೆ ಭಟ್ಟಿಯವನ ಟ್ರ್ಯಾಕ್ಟರು ಊರಿಗೆ ಬಂದಿತು, ನಮ್ಮ ಗದ್ದೆಗಿಳಿಯಲಿಲ್ಲ. ಕೆಂಪು ಮೆಣಸಿನಕಾಯಿ ಚಟ್ನಿಯಂಥ ಮುಖ ಮಾಡಿಕೊಂಡು ಅದನ್ನು ವಾಪಸು ಕಳಿಸಿದವನು ಮೈದುನನೇ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಮುಂದಿನ ಬೆಳೆಯ ಪೈರು ಎದ್ದಿದ್ದಾಗ, ಹರಿಹರದ ಬಸ್ ಸ್ಟ್ಯಾಂಡಿನಲ್ಲಿ. ಬೇರೆ ಊರಿನ ರೈತರು ಕರೆಸಿಕೊಂಡಿದ್ದರಂತೆ, ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದಳು. ನನ್ನನ್ನು ಕಂಡು ಸೆರಗಿನಲ್ಲಿ ಸುತ್ತಿಟ್ಟಿದ್ದ ಭತ್ತದ ಬುಡವೊಂದನ್ನು ಹೊರಗೆ ಚಾಚಿದಳು.

"ನಿಮ್ಮ ಗದ್ದೇದೇ, ಮೇಡಮ್ಮಾರೆ. ಅವರಿಗೆ ತೋರಿಸಾಕೆ ಬೆಳಿಗ್ಗೆ ಕಿತ್ಕಂಡೆ, ಬೈಬ್ಯಾಡ್ರಿ. ಮೂಸ್ರಿ!"

ಮೂಸಿದೆ. ಬರೀ ಮಣ್ಣಿನ ವಾಸನೆ. ಬಸ್ಸು ಹೊರಟಿತು. ಅವಳ ಕೈ ಇನ್ನೂ ಕಿಟಕಿಯ ಹೊರಗೇ ಇತ್ತು, ಬಿಳಿ ಬೇರು ಗಾಳಿಗೆ ಅಲ್ಲಾಡುತ್ತಿತ್ತು.