ಅವನು ಕೇಳದ ಕರು

ಬೂದಿಕೋಟೆಯ ನಮ್ಮ ಬೀದಿಯಲ್ಲಿ ಇಮೇಲ್ ವಿಳಾಸ ಇದ್ದದ್ದು ನನಗೊಬ್ಬನಿಗೇ. ಪಕ್ಕದ ಮನೆಯ ಅತ್ತೆಗೆ ಓದು ಬಾರದು. ದುಬೈಗೆ ಹೋಗಿದ್ದ ಅವರ ತಮ್ಮ ನನ್ನ ವಿಳಾಸಕ್ಕೇ ಬರೆಯುತ್ತಿದ್ದ. ಭಾನುವಾರ ಬಂಗಾರಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ ಅದನ್ನು ಓದಿ ಬಂದು ನಾನು ಅತ್ತೆಗೆ ಹೇಳಬೇಕಿತ್ತು.

ಬರಬರುತ್ತಾ ಅಲ್ಲಿ ಸಿಗುತ್ತಿದ್ದ ಒಂದು ಗಂಟೆ ನನ್ನ ಚಾಟಿಂಗಿಗೇ ಸಾಲದಾಯಿತು. ಅತ್ತೆಯ ಹಸು ಕರು ಹಾಕಿದಾಗ, "ನನ್ ತಮ್ಮಂಗೆ ಬರಿಯಪ್ಪಾ" ಎಂದು ಗಿಣ್ಣು ಕೊಟ್ಟರು. ಗಿಣ್ಣು ತಿಂದೆ, ಬರೆಯಲಿಲ್ಲ. ಅವನ ಪತ್ರಗಳನ್ನೂ ತೆರೆಯದೆ ಬಂದು, "ಚೆನ್ನಾಗವ್ನಂತೆ ಅತ್ತೆ, ಕರು ಎಂಗೈತೆ ಅಂತ ಕೇಳವ್ನೆ" ಎಂದುಬಿಡುತ್ತಿದ್ದೆ. ಅತ್ತೆ ಕೊಟ್ಟಿಗೆಗೆ ಹೋಗಿ ಅದನ್ನು ಕರುವಿಗೂ ಹೇಳುತ್ತಿದ್ದರು. ಎಂಥಾ ನಾಚಿಕೆಗೆಟ್ಟವನು ನಾನು!

ಎರಡು ವರ್ಷದ ಮೇಲೆ ರಜೆಗೆ ಬಂದ ತಮ್ಮನನ್ನು ಅತ್ತೆ ನೇರ ಕೊಟ್ಟಿಗೆಗೆ ಕರೆದೊಯ್ದರು. ನಾನೂ ಅಲ್ಲೇ ಇದ್ದೆ.

"ಪ್ರತಿ ಸಲಾನೂ ಕೇಳ್ತಿದ್ದೆಯಲ್ಲ, ಇದೇ ಕಣ್ಲಾ!"

ಅವನು ನನ್ನ ಮುಖ ನೋಡಿದ. ಆಮೇಲೆ ಅದರ ಬೆನ್ನು ಸವರಿ, "ಎಷ್ಟು ದೊಡ್ಡದಾಗೈತೆ ಅಕ್ಕಾ" ಎಂದ.

ಮರುದಿನವೇ ಬಂಗಾರಪೇಟೆಗೆ ಓಡಿ, ತೆರೆಯದೆ ಬಿಟ್ಟಿದ್ದ ಪತ್ರಗಳನ್ನೆಲ್ಲ ತೆರೆದೆ. ಕೊನೆಯದರಲ್ಲಿ ಒಂದೇ ಸಾಲಿತ್ತು: "ಅಕ್ಕಾ, ನನ್ ಮೇಲೆ ಕೋಪಾನಾ?"