ಯಾರಿಗೂ ಹೇಳದೆ ಬೆಂಗಳೂರಿಗೆ

ಮೊನ್ನೆ ಬ್ಯಾಗು ಇಳಿಸಲೆಂದು ಸ್ಟೂಲು ಹತ್ತಿ ಅಟ್ಟದ ಮೇಲೆ ಕೈಯಾಡಿಸಿದಾಗ ಬ್ಯಾಗಿನ ಬದಲು ವಯರಿನ ಬುಟ್ಟಿ ಸಿಕ್ಕಿತು. ನೀಲಿ, ಹಳದಿ ಪ್ಲಾಸ್ಟಿಕ್ ವಯರಿನಲ್ಲಿ ಹೆಣೆದ, ಒಂದು ಹಿಡಿಕೆ ಕಿತ್ತುಬಂದ ಹಳೆಯ ಬುಟ್ಟಿ. ನಿಂತಲ್ಲೇ ಅದರೊಳಗೆ ಮುಖವಿಟ್ಟು ಮೂಸಿದೆ. ನಗಬೇಡಿ. ನಲವತ್ತೈದು ದಾಟಿದ, ತೂಕವೂ ಸ್ವಲ್ಪ ಜಾಸ್ತಿಯೇ ಇರುವ ಹೆಂಗಸು ಸ್ಟೂಲಿನ ಮೇಲೆ ನಿಂತು ಬುಟ್ಟಿ ಮೂಸುವುದು ನೋಡುವವರಿಗೆ ಚೆಂದ ಕಾಣುವುದಿಲ್ಲ ಎಂದು ನನಗೂ ಗೊತ್ತು. ಆದರೆ ಅದರ ತಳದಲ್ಲಿ ಗುರೆಳ್ಳು ಚಟ್ನಿಪುಡಿಯ ವಾಸನೆ ಇನ್ನೂ ಇತ್ತು. ಇತ್ತೋ, ಇರಲೇಬೇಕೆಂದು ನನ್ನ ಮೂಗು ಹಟ ಹಿಡಿಯಿತೋ, ಹೇಳಲಾರೆ.

ಬ್ಯಾಗು ಬೇಕಾಗಿದ್ದು ಬೆಂಗಳೂರಿಗೆ ಹೋಗಲು. ಜಗಳೂರಿನಿಂದ ನನ್ನ ತಮ್ಮನ ಮಕ್ಕಳಿಬ್ಬರು ರಜೆಗೆಂದು ನ್ಯಾಮತಿಗೆ, ನಮ್ಮ ಮನೆಗೆ ಬಂದಿದ್ದಾರೆ. ಒಬ್ಬನಿಗೆ ಹನ್ನೊಂದು, ಇನ್ನೊಬ್ಬನಿಗೆ ಹನ್ನೆರಡು. ಈ ವಯಸ್ಸಿನ ಗಂಡುಹುಡುಗರನ್ನು ಸಾಕಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತವೆ, ಬಿಟ್ಟರೆ ಎರಡೇ ನಿಮಿಷಕ್ಕೆ ಕಾಣೆಯಾಗುತ್ತವೆ. ಹಸಿವು ಅನ್ನುತ್ತವೆ, ತಟ್ಟೆ ಇಟ್ಟರೆ ಇದಲ್ಲ ಅನ್ನುತ್ತವೆ. “ಅತ್ತೆ, ಶನಿವಾರ ಭಾನುವಾರ ಬೆಂಗಳೂರು ನೋಡ್ಕಂಡು ಬರಾಣ” ಎಂದು ವಾರದಿಂದ ಗಂಟುಬಿದ್ದಿವೆ. ಅತ್ತೆ ಎಂದು ಕರೆಸಿಕೊಳ್ಳುವ ಸರದಿ ಈಗ ನನ್ನದು.

ನಮ್ಮ ಮನೆಯವರು ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಅವರಿಗೆ ಪ್ರವಾಸವೂ ಒಂದು ಕವಾಯತು. ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲು ಇಟ್ಟು ಮೂರು ಕಾಲಂ ಎಳೆಯುತ್ತಾರೆ. ಸಮಯ, ಸ್ಥಳ, ಉದ್ದೇಶ. ಉದ್ದೇಶವಿಲ್ಲದ ಸ್ಥಳಕ್ಕೆ ಆ ಹಾಳೆಯಲ್ಲಿ ಜಾಗವಿಲ್ಲ. ಲಾಲ್‌ಬಾಗ್ ಎಂದು ಬರೆದರೆ ಎದುರಿಗೆ ‘ಗಿಡಮರಗಳ ಪರಿಚಯ’. ಹೋಟೆಲ್ ಎಂದು ಬರೆದರೆ ‘ಹಸಿವು ನಿವಾರಣೆ’. ಒಮ್ಮೆ ಶೌಚಾಲಯದ ಎದುರಿಗೂ ಏನೋ ಬರೆಯಲು ಹೊರಟಿದ್ದರು, ನಾನೇ ತಡೆದೆ.

ಈ ಹಾಳೆಯ ಪದ್ಧತಿ ಶುರುವಾದದ್ದಕ್ಕೆ ಕಾರಣ ನಮ್ಮ ಮೊದಲನೆಯ ಬೆಂಗಳೂರು ಪ್ರವಾಸ. ಆಗ ನನ್ನ ಮಕ್ಕಳು ಕಿರಣ, ಚೇತು ಇನ್ನೂ ಚಿಕ್ಕವರು. ನಮ್ಮ ಕಡೆಯವರು ಬೆಂಗಳೂರಿಗೆ ಹೋಗುವುದೆಂದರೆ ಅಲ್ಲಿರುವ ನೆಂಟರ ಮನೆಗಳಿಗೆ ಹೋಗುವುದು ಎಂದೇ ಅರ್ಥ. ಒಂದು ಮನೆಗೆ ಹೋದರೆ ಸಾಕು, ಅಲ್ಲಿಂದ ಇನ್ನೊಂದು ಮನೆಗೆ ಫೋನು ಹೋಗುತ್ತದೆ. “ಅವರ ಮನೆಗೆ ಹೋಗಿದ್ರಂತೆ, ನಾವೇನು ಪಾಪ ಮಾಡಿದ್ವಿ?” ಎರಡು ದಿನದಲ್ಲಿ ಏಳು ಮನೆ, ಏಳು ಉಪ್ಪಿಟ್ಟು. ಪ್ರತಿ ಮನೆಯಲ್ಲೂ ಬಿಸ್ಕತ್ತಿನ ತಟ್ಟೆ, ಮದುವೆಯ ಆಲ್ಬಂ, ಹೊರಡುವಾಗ ಕುಂಕುಮ. ಊರಿಗೆ ಬಂದ ಮೇಲೆ ಸ್ಕೂಲಿನ ಟೀಚರು ಚೇತುವನ್ನು ಕೇಳಿದರಂತೆ, ಬೆಂಗಳೂರಲ್ಲಿ ಏನೇನು ನೋಡಿದೆ ಎಂದು. “ಸೋಫಾ” ಎಂದನಂತೆ ನನ್ನ ಮಗ.

ಅದು ಡ್ರಿಲ್ ಮೇಷ್ಟ್ರ ಮರ್ಯಾದೆಯ ಪ್ರಶ್ನೆಯಾಯಿತು. ಎರಡನೆಯ ಸಲ ಹೊರಟಾಗ ಕಿರಣನಿಗೆ ಹನ್ನೆರಡು, ಚೇತುವಿಗೆ ಹತ್ತು. ಅದಾಗಿ ಈಗ ಏಳು ವರ್ಷ. ಹಾಳೆ ಹರಡಿಕೊಂಡು ಕೂತವರು, “ಈ ಸಲ ಒಬ್ಬರ ಮನೆ ಹೊಸ್ತಿಲೂ ತುಳಿಯಂಗಿಲ್ಲ. ಯಾರಿಗೂ ಹೇಳಂಗಿಲ್ಲ. ಲಾಡ್ಜಲ್ಲಿ ಇಳ್ಕಂಡು, ಊರು ನೋಡ್ಕಂಡು, ಸುಮ್ಮನೆ ವಾಪಸ್ ಬರಾದು” ಎಂದರು.

“ನಮ್ಮತ್ತೆ ಮನೆಗೆ ಒಂದೇ ಒಂದು ಗಂಟೆ ಹೋಗಿ ಬರಾಣ ರೀ” ಎಂದೆ.

“ನಿಮ್ಮತ್ತೆ ಮನೆಗೆ ಹೋದ್ರೆ ನಮ್ಮಕ್ಕನ ಮನೆಗೆ ಗೊತ್ತಾಗ್ತೈತೆ. ಅಲ್ಲಿಗೆ ಹೋಗದಿದ್ರೆ ಜಗಳ, ಹೋದ್ರೆ ಮತ್ತೆ ಸೋಫಾ. ನೀನೇ ಹೇಳು, ಹೆಂಗೆ ಮಾಡಾಣ?”

ನಾನು ಒಪ್ಪಿಕೊಂಡೆ. ಅವರ ಮೇಲೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ನನಗೂ ಒಳಗೊಳಗೇ ಆಸೆಯಿತ್ತು. ಯಾರ ಮನೆಯ ಸೊಸೆಯೂ ಅಲ್ಲದೆ, ಯಾರ ಅಡುಗೆಮನೆಯಲ್ಲೂ ಲೋಟ ತೊಳೆಯದೆ, ಎರಡು ದಿನ ನನ್ನ ಮಕ್ಕಳ ಜೊತೆ ದೊಡ್ಡ ಊರಿನಲ್ಲಿ ಸುಮ್ಮನೆ ಅಡ್ಡಾಡಬೇಕೆಂದು.

ಆದರೆ ನೀವು ನಮ್ಮ ಅತ್ತೆ ಯಾರೆಂದು ತಿಳಿಯಬೇಕು. ನನ್ನ ಅಪ್ಪನ ಅಕ್ಕ. ನಮ್ಮದು ಜಗಳೂರಿನ ಆಚೆಯ ಸಣ್ಣ ಹಳ್ಳಿ. ಏಳನೆಯ ಕ್ಲಾಸಿನ ಆಚೆಗೆ ಅಲ್ಲಿ ಹೆಣ್ಣುಮಕ್ಕಳಿಗೆ ಓದು ಇರಲಿಲ್ಲ. ಹೊನ್ನಾಳಿಯಿಂದ ಬಂದ ಅತ್ತೆ ಒಂದು ಮಾತನ್ನೂ ಬೆಳೆಸದೆ, “ಇವಳನ್ನ ನಾನು ಕರ್ಕಂಡು ಹೋಗ್ತೀನಿ” ಎಂದು ನನ್ನ ಬಟ್ಟೆಗಳನ್ನು ತನ್ನ ಬುಟ್ಟಿಗೆ ತುರುಕಿಕೊಂಡಳು. ಮೂರು ವರ್ಷ ಅವಳ ಮನೆಯಲ್ಲಿ ಉಂಡೆ. ದಿನವೂ ಸಂಜೆ ಹೊಳೆಯ ಕಡೆ ಕರೆದುಕೊಂಡು ಹೋಗುತ್ತಿದ್ದಳು. ಕೈ ಸುಮ್ಮನೆ ಕೂರುತ್ತಿರಲಿಲ್ಲ, ಯಾವಾಗಲೂ ವಯರಿನ ಬುಟ್ಟಿ ಹೆಣೆಯುತ್ತಿದ್ದಳು. ಓಣಿಯಲ್ಲಿ ಅವಳ ಬುಟ್ಟಿಯಿಲ್ಲದ ಮನೆಯಿರಲಿಲ್ಲ.

ನನಗೆ ಹನ್ನೆರಡು ವರ್ಷ ಆಗ. ರೈಲು ನೋಡಿಲ್ಲ ಎಂದೆ ಒಂದು ದಿನ. ಅಷ್ಟೇ ಹೇಳಿದ್ದು. ಅದರ ಮುಂದಿನ ಶನಿವಾರ ಅತ್ತೆ ತನ್ನ ಅತ್ತೆಯ ಎದುರಿಗೆ, “ಹುಡುಗಿಗೆ ಬೋರ್ಡು ಮಸುಕು ಕಾಣ್ತೈತಂತೆ, ದಾವಣಗೆರೆಗೆ ಹೋಗಿ ಕಣ್ಣು ತೋರಿಸ್ಕಂಡು ಬರ್ತೀನಿ” ಎಂದಳು. ನನ್ನ ಕಣ್ಣಿಗೆ ಏನಾಗಿತ್ತು, ಹದ್ದಿನ ಕಣ್ಣು. ಬಸ್ಸು ಇಳಿದು ಸೀದಾ ರೈಲ್ವೆ ಸ್ಟೇಷನ್ನಿಗೆ ಹೋದೆವು. ಪ್ಲಾಟ್‌ಫಾರಂ ಟಿಕೆಟ್ಟು ತೆಗೆದುಕೊಂಡು ಬೆಂಚಿನ ಮೇಲೆ ಕೂತು, ಬುಟ್ಟಿಯಲ್ಲಿದ್ದ ರೊಟ್ಟಿ, ಗುರೆಳ್ಳು ಪುಡಿ ತಿನ್ನುತ್ತ ಮೂರು ರೈಲು ನೋಡಿದೆವು. ಹತ್ತಲಿಲ್ಲ, ನೋಡಿದ್ದಷ್ಟೇ. ಎರಡನೆಯ ರೈಲಿನಿಂದ ಹೊನ್ನಾಳಿಯ ನಮ್ಮ ಪಕ್ಕದ ಮನೆಯವರೇ ಇಳಿಯಬೇಕೆ. ಅತ್ತೆ ಗಬಕ್ಕನೆ ನನ್ನನ್ನು ಎಳೆದುಕೊಂಡು ಕಂಬದ ಹಿಂದೆ ನಿಂತಳು. ತುಟಿಯ ಮೇಲೆ ಬೆರಳಿಟ್ಟುಕೊಂಡಳು. ನಗು ತಡೆಯಲಾಗದೆ ಅವಳ ಹೊಟ್ಟೆ ಕುಲುಕುತ್ತಿತ್ತು. ಊರಿಗೆ ಬಂದು, “ಡಾಕ್ಟ್ರು ಕ್ಯಾರೆಟ್ ತಿನ್ನಿಸಿ ಅಂದ್ರು” ಎಂದು ಹೇಳಿದಳು. ಅದೊಂದು ಶಿಕ್ಷೆಯನ್ನು ಮಾತ್ರ ನಾನು ತಿಂಗಳುಗಟ್ಟಲೆ ಅನುಭವಿಸಿದೆ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಮಗಳು ಸರೋಜ ಬೆಂಗಳೂರಿಗೆ ಕರೆದುಕೊಂಡು ಹೋದಳು. ಊರು ಬಿಟ್ಟರೂ ನನ್ನ ಮಕ್ಕಳಿಗೆ ಅವಳು ಹೊನ್ನಾಳಿ ಅಜ್ಜಿಯೇ. ಅಲ್ಲಿಂದ ಫೋನು ಮಾಡುತ್ತಿದ್ದಳು. “ಮನೆ ಹತ್ರಾನೇ ಮೆಟ್ರೊ ಐತೆ ಕಣೇ. ಬ್ಯಾಸರ ಆದ್ರೆ ಹತ್ತಿ ಆ ತುದಿತನಕ ಹೋಗಿ ವಾಪಸ್ ಬರ್ತೀನಿ. ಎಲ್ಲಾರೂ ಮೊಬೈಲ್ ನೋಡ್ಕಂತ ಕುಂತಿರ್ತಾರೆ. ಯಾವೂರವ್ವಾ ಅಂತ ಕೇಳಾರಿಲ್ಲ.”

ಎರಡನೆಯ ಪ್ರವಾಸದ ಹಿಂದಿನ ದಿನ, ಶುಕ್ರವಾರ, ಬ್ಯಾಗು ಕಟ್ಟಿ ಬಾಗಿಲ ಬಳಿ ಇಟ್ಟಿದ್ದೆವು. ನ್ಯಾಮತಿಯಲ್ಲಿ ಎಲ್ಲರಿಗೂ ಜಗಳೂರಿಗೆ ಹೋಗುತ್ತೇವೆ ಎಂದು ಹೇಳಿದ್ದೆವು, ಜಗಳೂರಿನವರಿಗೆ ಮನೆಗೆ ನೆಂಟರು ಬರುತ್ತಾರೆ ಎಂದು. ಆಗ ಅತ್ತೆಯ ಫೋನು ಬಂತು. “ಹುಡುಗರಿಗೆ ರಜೆ ಐತಲ್ಲ, ಒಂದ್ಸಲ ಕರ್ಕಂಡು ಬಾರೇ ನನ್ನವ್ವ. ನೋಡಂಗಾಗೈತೆ.”

“ಈ ವಾರ ಆಗಲ್ಲ ಅತ್ತೆ, ಮೆಕ್ಕೆಜೋಳ ಬಿಡಿಸ್ತಾ ಇದಾರೆ. ಮುಂದಿನ ಸಲ ಬರ್ತೀವಿ” ಎಂದೆ. ನಾಲಿಗೆ ಒಂದು ಚೂರೂ ತಡವರಿಸಲಿಲ್ಲ.

ಪ್ರವಾಸ ಹಾಳೆಯಲ್ಲಿದ್ದಂತೆಯೇ ನಡೆಯಿತು. ಮಕ್ಕಳು ತಾನೇ ಮೇಲಕ್ಕೆ ಹೋಗುವ ಮೆಟ್ಟಿಲನ್ನು ಒಂಬತ್ತು ಸಲ ಹತ್ತಿ ಇಳಿದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೆಟ್ರೊ. ಉದ್ದೇಶ, ‘ಆಧುನಿಕ ಸಾರಿಗೆಯ ಅನುಭವ’. ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದೆವು. ಹಳಿಗಳ ಆ ಕಡೆಗೆ ಎದುರಿನ ಪ್ಲಾಟ್‌ಫಾರಂ. ರೈಲು ಬರುತ್ತದೆಯೇ ಎಂದು ಬಗ್ಗಿ ನೋಡಲು ಹುಡುಗರಿಬ್ಬರೂ ಹಳದಿ ಗೆರೆ ದಾಟಿದರು. ಕಾವಲಿನವನು ಜೋರಾಗಿ ಸೀಟಿ ಊದಿದ. ಇಪ್ಪತ್ತು ವರ್ಷ ಊರಿಗೆಲ್ಲ ಸೀಟಿ ಊದಿದ ನಮ್ಮ ಮೇಷ್ಟ್ರು, ತಮಗೇ ಊದಿದ್ದನ್ನು ಕೇಳಿ ಅಟೆನ್ಷನ್ನಿನಲ್ಲಿ ನಿಂತುಬಿಟ್ಟರು. ನಾನು ನಗುತ್ತ ತಲೆಯೆತ್ತಿದೆ. ಎದುರಿನ ಪ್ಲಾಟ್‌ಫಾರಮ್ಮಿನವರೆಲ್ಲ ನಮ್ಮ ಕಡೆ ತಿರುಗುತ್ತಿದ್ದರು. ಅವರ ಮಧ್ಯೆ ತಲೆಯ ಮೇಲೆ ಸೆರಗು, ಕೈಯಲ್ಲಿ ಹಸಿರು ವಯರಿನ ಬುಟ್ಟಿ. ಅತ್ತೆ.

ಅವಳಿನ್ನೂ ಪೂರ್ತಿ ತಿರುಗಿರಲಿಲ್ಲ. ಕೂಗಬಹುದಿತ್ತು. ಕೂಗಿದ್ದರೆ ಓಡಿ ಬರುತ್ತಿದ್ದಳು. ನಾನು ಕಂಬದ ಹಿಂದೆ ಸರಿದೆ. ಮನೆಯವರೂ ನೋಡಿದ್ದರು, ಕಿರಣನ ಕಾಲರು ಹಿಡಿದು ಎಳೆದುಕೊಂಡು ನನ್ನ ಪಕ್ಕ ನಿಂತರು. ಚೇತು ಮಾತ್ರ ಆಚೆ ಉಳಿದಿದ್ದ. ಅವನನ್ನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ರೈಲು ಬಂತು. ಹತ್ತಿದ ಮೇಲೆ ಕಿಟಕಿಯಿಂದ ನೋಡಿದೆ. ಅವಳು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಸದ್ಯ, ನೋಡಲಿಲ್ಲ ಎಂದರು ಮನೆಯವರು. ನಾನೂ ಹಾಗೇ ಅಂದುಕೊಂಡೆ. ಮಧ್ಯಾಹ್ನ ಹೋಟೆಲಿನಲ್ಲಿ ಹಸಿವು ನಿವಾರಣೆಯ ಹೊತ್ತಿಗೆ ನನ್ನ ತಟ್ಟೆಯ ಅನ್ನವನ್ನು ಮಕ್ಕಳ ತಟ್ಟೆಗೆ ಹಾಕಿದೆ.

ಮುಂದಿನ ಸಲ ಹೋಗಿ ಕಾಲು ಹಿಡಿದು ಹೇಳಿಬಿಡುತ್ತೇನೆ, ಬೈಸಿಕೊಳ್ಳುತ್ತೇನೆ, ನಗುತ್ತಾಳೆ ಎಂದುಕೊಂಡೆ. ಪರೀಕ್ಷೆ, ಕೊಯ್ಲು, ಮನೆಯವರ ಕ್ರೀಡಾಕೂಟ, ಏನೋ ಒಂದು ಅಡ್ಡ ಬರುತ್ತಿತ್ತು. ಹೊನ್ನಾಳಿಯ ಒಂದು ಮದುವೆಯಲ್ಲಿ ಸಿಕ್ಕಳು. ಈ ನೀಲಿ ಹಳದಿ ಬುಟ್ಟಿಯ ತುಂಬ ಗುರೆಳ್ಳು ಪುಡಿ ಕಟ್ಟಿಕೊಂಡು ಬಂದು ಕೊಟ್ಟಳು. ಎದುರಿಗೆ ಕೂತು ಮಾತಾಡಿದೆ, ಆದರೆ ಆ ಮಾತು ಮಾತ್ರ ಹೊರಗೆ ಬರಲಿಲ್ಲ. ಆಮೇಲೆ ಕೊರೊನಾ ಬಂದು ಎಲ್ಲ ಬಂದ್ ಆದ ವರ್ಷ. ಬಸ್ಸು ಶುರುವಾಗುವುದರೊಳಗೆ ಅತ್ತೆ ಹೋಗಿಬಿಟ್ಟಳು. ಸರೋಜ ಫೋನಿನಲ್ಲಿ ಮುಖ ತೋರಿಸಿದಳು. ಅವಳೂ ಈಗ ಗಂಡನಿಗೆ ವರ್ಗವಾಗಿ ಕಲಬುರಗಿಯಲ್ಲಿದ್ದಾಳೆ. ಬೆಂಗಳೂರಿನಲ್ಲಿ ಅತ್ತೆಯ ಮನೆ ಎಂಬುದೇ ಇಲ್ಲ.

ಮೊನ್ನೆ ಬುಟ್ಟಿ ಹಿಡಿದುಕೊಂಡು ಸ್ಟೂಲಿನಿಂದ ಇಳಿದಾಗ ಹಾಲಿನಲ್ಲಿ ಮನೆಯವರು ಹೊಸ ಹಾಳೆಗೆ ಕಾಲಂ ಎಳೆಯುತ್ತಿದ್ದರು. ತಮ್ಮನ ಮಕ್ಕಳು ಅವರ ಹೆಗಲ ಮೇಲೆ ಬಿದ್ದಿದ್ದವು. ಚೇತು ಹೊನ್ನಾಳಿಯ ಕಾಲೇಜಿನಿಂದ ಆಗಷ್ಟೇ ಬಂದಿದ್ದ. ಹದಿನೇಳರ ಹುಡುಗ, ಬುಟ್ಟಿ ನೋಡಿ ನಕ್ಕ. “ಹೊನ್ನಾಳಿ ಅಜ್ಜಿದಲ್ವಾ? ಆವತ್ತು ಮೆಟ್ರೊದಾಗೆ ಇಂಥದ್ದೇ ಹಿಡ್ಕಂಡಿತ್ತು.”

ನಾನು ತಟ್ಟನೆ ಅವನ ಕಡೆ ತಿರುಗಿದೆ. “ನೀನು ನೋಡಿದ್ಯೇನೋ?”

“ನೋಡ್ದೆ. ಅಜ್ಜಿನೂ ನೋಡ್ತು. ನಾನು ಕೈ ಮಾಡ್ದೆ.”

“ಅಜ್ಜಿ ಏನು ಮಾಡಿದ್ಲು?”

“ನೀವು ಕಂಬದ ಹಿಂದೆ ನಿಂತಿದ್ದು ನೋಡಿ ನಗಾಡ್ತು. ಆಮೇಲೆ ಬಾಯಿ ಮ್ಯಾಲೆ ಬೆರಳಿಟ್ಕಂಡು, ಆ ಕಡೆ ಇದ್ದ ಕಂಬದ ಹಿಂದೆ ತಾನೂ ಹೋಗಿ ನಿಂತ್ಕಂತು. ಹೇಳಬ್ಯಾಡ ಅಂತ ಅಲ್ವಾ, ಅದಕ್ಕೇ ನಾನು ಹೇಳ್ಲಿಲ್ಲ.” ಬುಟ್ಟಿಯ ಕಿತ್ತ ಹಿಡಿಕೆಯನ್ನು ಎತ್ತಿ ನೋಡುತ್ತ ಹೇಳಿದ, “ಮದುವೇಲಿ ಸಿಕ್ಕಾಗ ಕಿವ್ಯಾಗೆ ಕೇಳ್ತು, ಆವತ್ತು ಸೀಟು ಸಿಕ್ತೇನಪ್ಪಾ ಅಂತ. ಇಲ್ಲ ಅಜ್ಜಿ, ಮುಂದೇನೇ ನಿಂತ್ಕಂಡು ಎಲ್ಲಾ ನೋಡಿದ್ವಿ ಅಂದೆ. ಒಳ್ಳೇದಾತು ಬಿಡು ಅಂತು.”

ನಾನು ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಅವಳಿಂದ ಮುಚ್ಚಿಟ್ಟೆ ಎಂದೇ ಈ ಏಳು ವರ್ಷ ನಾನು ಅಂದುಕೊಂಡಿದ್ದೆ. ಅಷ್ಟು ದೂರದಿಂದ ನನ್ನ ಅವಮಾನವನ್ನು ನೋಡಿ, ನನಗೆ ಅದು ತಗುಲದಂತೆ ಪಕ್ಕಕ್ಕೆ ಸರಿದು ನಿಂತಿದ್ದಳು. ಅತ್ತೆಯನ್ನು ಒಂದು ಸಲ ನೋಡಬೇಕು ಅನ್ನಿಸಿತು. ಇಷ್ಟು ಜೋರಾಗಿ ಎಂದೂ ಅನ್ನಿಸಿರಲಿಲ್ಲ. ಅಳು ಬಂತು, ಅತ್ತುಬಿಟ್ಟೆ. ತಮ್ಮನ ಮಕ್ಕಳು ಬೆಪ್ಪಾಗಿ ನೋಡಿದವು.

ಸ್ವಲ್ಪ ಹೊತ್ತಿನ ಮೇಲೆ ಮನೆಯವರಿಗೆ ಹೇಳಿದೆ, “ಆ ಸ್ಟೇಷನ್ನಿಗೆ ಹೋಗಾಣ ರೀ. ಈ ಸಲ ಆ ಕಡೆ ಪ್ಲಾಟ್‌ಫಾರಮ್ಮಿಗೆ. ಒಂದು ಹತ್ತು ನಿಮಿಷ ಕುಂತು ಬರಾಣ.”

ಯಾರಿಗೂ ಐದು ನಿಮಿಷ ಹೆಚ್ಚು ಕೊಡದ ಮನುಷ್ಯ. ಸ್ಕೇಲು ಪಕ್ಕಕ್ಕಿಟ್ಟು ಸಮಯದ ಕಾಲಮ್ಮಿನಲ್ಲಿ ‘ಹನ್ನೊಂದರಿಂದ ಹನ್ನೊಂದೂವರೆ’ ಎಂದು ಬರೆದರು. ಸ್ಥಳದ ಕಾಲಮ್ಮಿನಲ್ಲಿ ಸ್ಟೇಷನ್ನಿನ ಹೆಸರು. ಮೂರನೆಯದಕ್ಕೆ ಬಂದು ಪೆನ್ನು ನಿಂತಿತು. ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದರು, “ಉದ್ದೇಶ ಏನಂತ ಬರೀಲಿ?”

“ಅತ್ತೆ ಮನೆ ಅಂತ ಬರೀರಿ” ಎಂದೆ.

ಬರೆದರು. ಬುಟ್ಟಿಯ ಹಿಡಿಕೆಯನ್ನು ಚೇತು ದಾರ ಸುತ್ತಿ ಗಟ್ಟಿ ಮಾಡಿಕೊಟ್ಟಿದ್ದಾನೆ. ನಾನು ಗುರೆಳ್ಳು ಹುರಿಯಲು ಇಟ್ಟಿದ್ದೇನೆ.