ಬಟ್ಟೆ ಕಟ್ಟದ ಗದ್ದೆ

ಮೈಸೂರಿನಿಂದ ಕೆಲಸದ ಮೇಲೆ ಗಂಗಾವತಿ ಕಡೆಯ ನವಲಿಗೆ ಬಂದ ಮರುದಿನ, ಭತ್ತದ ಗದ್ದೆಗೆ ಕಾಲಿಡುವಷ್ಟರಲ್ಲಿ ಹಿಂದಿನಿಂದ ಯಾರೋ ನನ್ನ ತೋಳು ಹಿಡಿದು ಎಳೆದರು.

"ಎಣ್ಣಿ ಹೊಡದಾರ ಯವ್ವಾ, ಕಾಣಂಗಿಲ್ಲೇನು?"

ನನಗೆ ಕಂಡದ್ದು ಹಸಿರು ಪೈರು, ಬದುವಿನಲ್ಲಿ ಒಂದು ಕೋಲು, ಅದಕ್ಕೆ ಕಟ್ಟಿದ ಕೆಂಪು ಬಟ್ಟೆಯ ಚೂರು. ಇಲ್ಲಿ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ಬಟ್ಟೆ ಕಟ್ಟಿದ ಗದ್ದೆಗೆ ಯಾರೂ ಇಳಿಯುವುದಿಲ್ಲ.

ಎಳೆದವರು ಹನುಮವ್ವ. ನನಗೆ ಬಾಡಿಗೆಗೆ ಕೋಣೆ ಕೊಟ್ಟವರೂ ಅವರೇ. ಮೈಸೂರಿನಲ್ಲಿ ಒಂಟಿ ಹೆಣ್ಣಿಗೆ ಮನೆ ಕೊಡುವ ಮುನ್ನ ಅಪ್ಪನ ಫೋನ್ ನಂಬರು ಕೇಳುತ್ತಿದ್ದರು. ಹನುಮವ್ವ ಕೇಳಿದ್ದು ಬೇರೆ.

"ರೊಟ್ಟಿ ಬಡಿಯಾಕ ಬರತೈತೇನು?"

"ಇಲ್ಲಮ್ಮ."

"ಮತ್ತ ಏನ್ ಬರತೈತಿ?"

ಫೋನಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕೆಂದು ತೀರ್ಮಾನಿಸುವುದು ನನ್ನ ಕೆಲಸ ಎಂದೆ.

"ಅದಕ್ಕೂ ಪಗಾರ ಕೊಡ್ತಾರ?" ಎಂದು ನಕ್ಕರು.

ನಮ್ಮ ಕಂಪನಿಯದು ರೈತರ ಆ್ಯಪ್. ಆ ಕೆಂಪು ಬಟ್ಟೆಯನ್ನು ನೋಡಿಯೇ ಅದರಲ್ಲಿ ಒಂದು ಎಚ್ಚರಿಕೆ ಸೇರಿಸಿದೆ. ಎಣ್ಣಿ ಹೊಡೆದ ರೈತ ಗುಂಡಿ ಒತ್ತಿದರೆ ಸುತ್ತಲಿನವರ ಫೋನಿಗೆ ಕೆಂಪು ಗುರುತು ಬರುತ್ತದೆ. ಬರದಿದ್ದರೆ ಇಳಿಯಬಹುದು. ಹನುಮವ್ವನ ಫೋನಿಗೂ ಹಾಕಿಕೊಟ್ಟೆ. ಮೈಸೂರಿನ ಕಚೇರಿಯಲ್ಲಿ ಎಲ್ಲರೂ ಮೆಚ್ಚಿದರು. ಅಲ್ಲಿ ಸಿಗ್ನಲ್ ಹೋಗುವುದು ಲಿಫ್ಟಿನೊಳಗೆ ಮಾತ್ರ.

ಒಂದು ಮಧ್ಯಾಹ್ನ, ಎಮ್ಮೆಗೆ ಹುಲ್ಲು ತರಲು ಹೋಗಿದ್ದ ಹನುಮವ್ವನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ತಂದರು. ಗದ್ದೆಗಿಳಿದು ಹುಲ್ಲು ಕೊಯ್ದು, ಅದೇ ಕೈಯಲ್ಲಿ ಬುತ್ತಿ ಉಂಡಿದ್ದರಂತೆ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು. ಗಂಗಾವತಿಯ ಆಸ್ಪತ್ರೆಯವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ಉಸಿರಿದೆಯೇ ಎಂದು ಮತ್ತೆ ಮತ್ತೆ ಮೂಗಿನ ಬಳಿ ಕೈ ಹಿಡಿಯುತ್ತಿದ್ದೆ.

ಗದ್ದೆಯ ಯಜಮಾನ ವೀರೇಶಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದರು.

"ಬಟ್ಟೆ ಕಟ್ಟಿರಲಿಲ್ಲವೇ?" ಎಂದೆ.

"ಫೋನಿನಾಗ ಒತ್ತೀನ್ರಿ ಮೇಡಂ, ನೀವ ಹೇಳಿಕೊಟ್ಟಿದ್ರಲ್ಲ. ಮತ್ತ ಬಟ್ಟಿ ಯಾಕಂತ ಬಿಟ್ಟೆ."

ಒತ್ತಿದ್ದು ನಿಜ. ಹನುಮವ್ವ ಅಷ್ಟರಲ್ಲಿ ನೆಟ್‌ವರ್ಕ್ ಇಲ್ಲದ ಕಡೆ ಹೋಗಿದ್ದರು. ಫೋನು ಸುಮ್ಮನಿತ್ತು, ಅವರು ಇಳಿದಿದ್ದರು.

ಅವರು ಉಳಿದರು. ಈ ವೃತ್ತಿಯಲ್ಲಿ ನಾನು ಕಲಿತದ್ದು ಆ ಮೆಟ್ಟಿಲ ಮೇಲೆಯೇ. ನಾವು ಹೊಸದೊಂದನ್ನು ಕೈಗಿಟ್ಟಾಗ ಜನ ಏನನ್ನು ಕೆಳಗಿಡುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಈಗ ನೆಟ್‌ವರ್ಕ್ ಇಲ್ಲದಿದ್ದರೆ ನಮ್ಮ ಆ್ಯಪ್ "ಗೊತ್ತಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಬಟ್ಟೆ ಕಟ್ಟಿದಿರಾ ಎಂದು ಕೇಳದೆ ಗುಂಡಿ ಒತ್ತಲು ಬಿಡುವುದಿಲ್ಲ. ಆದರೂ ನನಗೆ ಧೈರ್ಯವಿಲ್ಲ. ಇನ್ನೇನು ಬಿಟ್ಟಿದ್ದೇನೋ.

ಹಬ್ಬಕ್ಕೆ ಮೈಸೂರಿಗೆ ಹೋದೆ. "ಇಲ್ಲೇ ಇದ್ದುಬಿಡು, ಆ ವಿಷದ ಊರು ಸಾಕು," ಎಂದರು ಅಮ್ಮ. ಮಧ್ಯಾಹ್ನ ಹನುಮವ್ವನಿಗೆ ಫೋನ್ ಮಾಡಿದೆ, ಹೋಗಲಿಲ್ಲ. ಮತ್ತೆ ಮಾಡಿದೆ. ಅಮ್ಮ ಬಡಿಸಿದ ತಟ್ಟೆಯ ಪಕ್ಕದಲ್ಲೇ ಫೋನ್ ಇಟ್ಟುಕೊಂಡೆ.

ಸಂಜೆ ಹನುಮವ್ವನೇ ಫೋನ್ ಮಾಡಿದರು. "ಹುಲ್ಲಿಗೆ ಹೋಗಿದ್ದೆ ಯವ್ವಾ, ಈಗ ಬಂದೀನಿ. ನೀ ಯಾವಾಗ ಮನಿಗೆ ಬರತೀ?"

ಅಮ್ಮ ಪಕ್ಕದಲ್ಲೇ ಕೂತಿದ್ದರು. ಉತ್ತರ ಹೇಳಲು ನಾನು ಹೊರಗೆ ಹೋದೆ.